ಹಳೆಯ ಕ್ಯಾಮ್‌ಕಾರ್ಡರ್‌ಗೆ ಹೊರಗಿನ ರೆಕಾರ್ಡರ್: ಚಿತ್ರ ನಿಜಕ್ಕೂ ಸುಧಾರಿಸುತ್ತದೆಯೇ?

ಬೆಳಗಾವಿ ನಗರದಲ್ಲಾಗಲಿ ಖಾನಾಪುರದ ಹಳ್ಳಿಗಳಲ್ಲಾಗಲಿ, 1990ರಿಂದ 2010ರವರೆಗೆ ಮದುವೆಯಾದವರ ಮನೆಯ ಕಪಾಟಿನಲ್ಲಿ ಒಂದಾದರೂ ವಿಡಿಯೊ ಕ್ಯಾಸೆಟ್ ಇರುವುದು ಸಾಮಾನ್ಯ. ಶಾಲೆಯ ಗ್ಯಾದರಿಂಗ್, ಗಣಪತಿ ಮೆರವಣಿಗೆ, ಊರ ಜಾತ್ರೆ, ಪಾರಿಜಾತದ ಆಟ ಇಂಥವೂ ಕ್ಯಾಸೆಟ್‌ಗಳಲ್ಲಿ ಉಳಿದಿವೆ. ಇವನ್ನು ಚಿತ್ರೀಕರಿಸಿದ ಕ್ಯಾಮೆರಾಗಳೂ ಎಲ್ಲ ಕಡೆ ಗುಜರಿಗೆ ಹೋಗಿಲ್ಲ. ಹೆಗಲ ಮೇಲೆ ಹೊರುವ ಪ್ಯಾನಾಸೋನಿಕ್ ಎಂಡಿ10000, ಸೋನಿಯ ಪಿಡಿ170, ಆಮೇಲೆ ಬಂದ ಎಚ್‌ಡಿವಿ ಮತ್ತು ಎವಿಸಿಎಚ್‌ಡಿ ಕ್ಯಾಮೆರಾಗಳು ಇನ್ನೂ ಕೆಲವರ ಬಳಿ ಚಾಲ್ತಿಯಲ್ಲಿವೆ.

ಈ ಹಳೆಯ ಸಾಮಗ್ರಿಯ ಬಗ್ಗೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಕ್ಯಾಮೆರಾ ಚೆನ್ನಾಗಿಯೇ ಇದೆ, ಅದಕ್ಕೆ ಹೊರಗಿನಿಂದ ಒಂದು ರೆಕಾರ್ಡರ್ ಜೋಡಿಸಿದರೆ ಚಿತ್ರದ ಗುಣಮಟ್ಟ ಹೆಚ್ಚುತ್ತದೆಯೇ? ಹಳೆಯ ಕ್ಯಾಸೆಟ್ಟನ್ನು ಅದೇ ರೆಕಾರ್ಡರ್ ಮೂಲಕ ಹಾಯಿಸಿದರೆ ಅದರ ಚಿತ್ರವೂ ಸುಧಾರಿಸುತ್ತದೆಯೇ?

ಎರಡೂ ಪ್ರಶ್ನೆಗಳು ಒಂದೇ ಅನ್ನಿಸುತ್ತವೆ, ಉತ್ತರಗಳು ಮಾತ್ರ ಬೇರೆ. ಮೊದಲನೆಯದಕ್ಕೆ ‘ಹೌದು, ಕೆಲವು ಷರತ್ತುಗಳಿವೆ’ ಎನ್ನಬೇಕು. ಎರಡನೆಯದಕ್ಕೆ ಉತ್ತರ ಕ್ಯಾಸೆಟ್ ಯಾವ ಬಗೆಯದು ಎನ್ನುವುದರ ಮೇಲೆ ನಿಂತಿದೆ, ಕೆಲವು ಕ್ಯಾಸೆಟ್‌ಗಳಿಗೆ ಈ ದಾರಿ ನಷ್ಟದ್ದೇ. ಏಕೆ ಹೀಗೆ ಎಂದು ಈ ಬರಹದಲ್ಲಿ ನೋಡೋಣ.

ಕ್ಯಾಮೆರಾದ ಒಳಗೆ ನಡೆಯುವುದೇನು?

ಮಸೂರದ ಮೂಲಕ ಬಂದ ಬೆಳಕು ಸೆನ್ಸರ್ ಮೇಲೆ ಬೀಳುತ್ತದೆ. ಸೆನ್ಸರ್ ಅದನ್ನು ವಿದ್ಯುತ್ ಸಂಕೇತವಾಗಿಸುತ್ತದೆ. ಕ್ಯಾಮೆರಾದ ಒಳಗಿನ ಚಿಪ್ ಅದಕ್ಕೆ ಬಣ್ಣ, ಹೊಳಪು, ಹರಿತಗಳನ್ನು ಹೊಂದಿಸಿ ಪೂರ್ತಿ ಚಿತ್ರವನ್ನು ಸಿದ್ಧಪಡಿಸುತ್ತದೆ. ಈ ಹಂತದವರೆಗೆ ಕಂಪ್ರೆಶನ್, ಅಂದರೆ ದತ್ತಾಂಶವನ್ನು ಕುಗ್ಗಿಸುವ ಕೆಲಸ, ಶುರುವಾಗಿರುವುದಿಲ್ಲ.

ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಒಂದು ಕವಲು ಕಂಪ್ರೆಶನ್ ಚಿಪ್‌ಗೆ ಹೋಗಿ, ಅಲ್ಲಿ ಕುಗ್ಗಿ, ಟೇಪು ಅಥವಾ ಮೆಮೊರಿ ಕಾರ್ಡಿಗೆ ಸೇರುತ್ತದೆ. ಇನ್ನೊಂದು ಕವಲು ಪುಟ್ಟ ಪರದೆಗೂ, ಕ್ಯಾಮೆರಾದ ಬೆನ್ನಿನಲ್ಲಿರುವ ಎಚ್‌ಡಿಎಂಐ ಅಥವಾ ಎಸ್‌ಡಿಐ ಕಿಂಡಿಗೂ ಹೋಗುತ್ತದೆ. ಇಂದು ಕಲ್ಯಾಣ ಮಂಟಪಗಳಲ್ಲಿ ಕ್ಯಾಮೆರಾದಿಂದ ಎಲ್‌ಇಡಿ ಪರದೆಗೆ ಕೇಬಲ್ ಎಳೆಯುತ್ತಾರಲ್ಲ, ಆ ಕೇಬಲ್‌ನಲ್ಲಿ ಹರಿಯುವುದು ಈ ಎರಡನೆಯ ಕವಲಿನ ಚಿತ್ರ.

ಎಷ್ಟು ಕುಗ್ಗಿಸಲಾಗುತ್ತದೆ ಎಂದು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಭಾರತದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದು ಎಚ್‌ಡಿ ಫ್ರೇಮಿನಲ್ಲಿ 1920 ಅಡ್ಡ, 1080 ಉದ್ದ, ಅಂದರೆ ಸುಮಾರು 20.7 ಲಕ್ಷ ಚುಕ್ಕಿಗಳು. ಒಂದೊಂದು ಚುಕ್ಕಿಗೆ ಸರಾಸರಿ 16 ಬಿಟ್ ಹಿಡಿದರೆ ಸೆಕೆಂಡಿಗೆ ಸುಮಾರು 829 ಮೆಗಾಬಿಟ್ ಆಗುತ್ತದೆ. ಎಚ್‌ಡಿವಿ ಕ್ಯಾಮೆರಾ ಟೇಪಿಗೆ ಬರೆಯುವುದು ಸೆಕೆಂಡಿಗೆ 25 ಮೆಗಾಬಿಟ್ ಮಾತ್ರ. ಅಂದರೆ ಸುಮಾರು ಮೂವತ್ಮೂರರಲ್ಲಿ ಒಂದು ಪಾಲು. 2006ರಲ್ಲಿ ಬಂದ ಎವಿಸಿಎಚ್‌ಡಿ ಪದ್ಧತಿಯ ಮಿತಿ ಮೊದಲು 24 ಮೆಗಾಬಿಟ್ ಇತ್ತು, 2011ರ ಪರಿಷ್ಕರಣೆಯಲ್ಲಿ 28ಕ್ಕೆ ಏರಿತು. ಅದು ಬಳಸುವ ಎಚ್.264 ತಂತ್ರ ಎಚ್‌ಡಿವಿಯ ಎಂಪೆಗ್-2ಗಿಂತ ಜಾಣತನದ್ದು, ಆದರೆ ಅದೂ ಅಷ್ಟೇ ಸಣ್ಣ ಚೀಲದಲ್ಲಿ ತುರುಕಬೇಕು.

ಇದನ್ನು ಬೆಳಗಾವಿಯ ಕುಂದಾಕ್ಕೆ ಹೋಲಿಸಬಹುದು. ಹಾಲನ್ನು ಕುದಿಸಿ ಕುದಿಸಿ ಕುಂದಾ ಮಾಡಿದ ಮೇಲೆ ಅದಕ್ಕೆ ನೀರು ಬೆರೆಸಿದರೆ ಮೊದಲಿನ ಹಾಲು ಬರುವುದಿಲ್ಲ. ಹಾಲು ಹಾಲಾಗಿಯೇ ಬೇಕಿದ್ದರೆ ಒಲೆಗೆ ಇಡುವ ಮೊದಲೇ ಬೇರೆ ಪಾತ್ರೆಗೆ ತೆಗೆದಿಟ್ಟುಕೊಳ್ಳಬೇಕು. ಹೊರಗಿನ ರೆಕಾರ್ಡರ್ ಆ ಬೇರೆ ಪಾತ್ರೆ. ಒಲೆಗೆ ಇಡುವ ಮೊದಲು ತಂದರೆ ಮಾತ್ರ ಅದರಿಂದ ಉಪಯೋಗ.

ಅಕ್ಷತೆ ಬೀಳುವಾಗಲೇ ಚಿತ್ರ ಏಕೆ ಕೆಡುತ್ತದೆ?

ಕಂಪ್ರೆಶನ್ ಮೂರು ರೀತಿಯಲ್ಲಿ ಜಾಗ ಉಳಿಸುತ್ತದೆ. ಮೊದಲನೆಯದು ಬಣ್ಣದ ಉಳಿತಾಯ. ನಮ್ಮ ಕಣ್ಣಿಗೆ ಹೊಳಪಿನ ವ್ಯತ್ಯಾಸ ತಿಳಿದಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ನಾಲ್ಕು ಚುಕ್ಕಿಗಳಿಗೆ ಒಂದೇ ಬಣ್ಣದ ಮಾಹಿತಿ ಇಟ್ಟು ಉಳಿದದ್ದನ್ನು ಬಿಡುತ್ತಾರೆ. ಕೆಂಪು ರೇಷ್ಮೆ ಸೀರೆಯ ಅಂಚು ಹಳೆಯ ವಿಡಿಯೊದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದಕ್ಕೆ ಇದು ಒಂದು ಕಾರಣ.

ಎರಡನೆಯದು ಒಂದೇ ಫ್ರೇಮಿನೊಳಗಿನ ಉಳಿತಾಯ. ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಅತಿ ಸೂಕ್ಷ್ಮ ವಿವರಗಳನ್ನು ಕೈಬಿಡಲಾಗುತ್ತದೆ. ಮಿನಿ ಡಿವಿ ಮಾಡುವುದು ಮುಖ್ಯವಾಗಿ ಇಷ್ಟೇ. ಬಣ್ಣದ ಉಳಿತಾಯದ ನಂತರ ಅದು ದತ್ತಾಂಶವನ್ನು ಇನ್ನೂ ಐದು ಪಟ್ಟು ಕುಗ್ಗಿಸುತ್ತದೆ.

ಮೂರನೆಯದು ಫ್ರೇಮುಗಳ ನಡುವಿನ ಉಳಿತಾಯ. ಎಚ್‌ಡಿವಿ ಮತ್ತು ಎವಿಸಿಎಚ್‌ಡಿ ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಒಂದನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದ ಭಾಗವನ್ನಷ್ಟೇ ಬರೆಯುತ್ತವೆ. ಪಾಲ್ ಪದ್ಧತಿಯ 1080 ಗೆರೆಯ ಎಚ್‌ಡಿವಿಯಲ್ಲಿ 12 ಫ್ರೇಮುಗಳ ಗುಂಪಿಗೆ ಒಂದು ಪೂರ್ತಿ ಫ್ರೇಮ್ ಇರುತ್ತದೆ.

ಹಲಸಿಯ ಭೂವರಾಹ ನರಸಿಂಹ ದೇವಾಲಯದ ಮುಂದೆ ಟ್ರೈಪಾಡ್ ನಿಲ್ಲಿಸಿ ಚಿತ್ರೀಕರಿಸಿದರೆ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಕಲ್ಲು ಅಲುಗುವುದಿಲ್ಲ, ಬದಲಾವಣೆ ಕಡಿಮೆ, 25 ಮೆಗಾಬಿಟ್ ಧಾರಾಳವಾಗಿ ಸಾಕು. ಮಳೆಗಾಲದಲ್ಲಿ ಮಲಪ್ರಭೆ ಹುಟ್ಟುವ ಕಣಕುಂಬಿಗೆ ಹೋಗಿ ಅದೇ ಕ್ಯಾಮೆರಾ ಹಿಡಿಯಿರಿ. ಸುರಿಯುವ ಮಳೆ, ಗಾಳಿಗೆ ಹೊರಳುವ ಸಾವಿರಾರು ಎಲೆಗಳು, ಕೆಂಪಗೆ ಹರಿಯುವ ನೀರು. ಪ್ರತಿ ಫ್ರೇಮಿನಲ್ಲೂ ಪ್ರತಿ ಚೌಕವೂ ಬದಲಾಗುತ್ತಿರುತ್ತದೆ. ಬರೆಯಬೇಕಾದದ್ದು ಬೆಟ್ಟದಷ್ಟು, ಜಾಗ ಮಾತ್ರ ಅದೇ 25 ಮೆಗಾಬಿಟ್. ಆಗ ಎಲೆಗಳು ಕಲಸಿದ ಹಸಿರು ಹಿಟ್ಟಿನಂತೆ ಕಾಣುತ್ತವೆ, ನೀರು ಚೌಕ ಚೌಕವಾಗುತ್ತದೆ.

ಮದುವೆಯ ವಿಡಿಯೊದಲ್ಲಿ ಇದೇ ತೊಂದರೆ ಅತಿ ಮುಖ್ಯ ಗಳಿಗೆಯಲ್ಲಿ ಎದುರಾಗುತ್ತದೆ. ಮುಹೂರ್ತದ ಹೊತ್ತಿಗೆ ನೂರಾರು ಕೈಗಳಿಂದ ಅಕ್ಷತೆ ಹಾರುತ್ತದೆ, ನಾಲ್ಕಾರು ಕ್ಯಾಮೆರಾಗಳ ಫ್ಲ್ಯಾಶ್ ಮಿಂಚುತ್ತದೆ, ಜನ ಎದ್ದು ನಿಲ್ಲುತ್ತಾರೆ. ಫ್ಲ್ಯಾಶ್ ಮಿಂಚಿದ ಫ್ರೇಮ್ ಹಿಂದಿನದಕ್ಕೂ ಹೋಲುವುದಿಲ್ಲ, ಮುಂದಿನದಕ್ಕೂ ಹೋಲುವುದಿಲ್ಲ. ಕಂಪ್ರೆಶನ್‌ಗೆ ಇದಕ್ಕಿಂತ ಕಷ್ಟದ ದೃಶ್ಯ ಇನ್ನೊಂದಿಲ್ಲ. ಮೆರವಣಿಗೆಯಲ್ಲಿ ಭಂಡಾರ, ಗುಲಾಲು, ಪಟಾಕಿಯ ಕಿಡಿ ಇವೂ ಹಾಗೆಯೇ. ಎಲ್ಲರೂ ಕುಳಿತು ಊಟ ಮಾಡುವ ದೃಶ್ಯ ಚೊಕ್ಕಟವಾಗಿದ್ದು ತಾಳಿ ಕಟ್ಟುವ ದೃಶ್ಯ ಮಸುಕಾಗಿದ್ದರೆ ತಪ್ಪನ್ನು ವಿಡಿಯೊದವರ ಮೇಲೆ ಹೊರಿಸುವ ಮೊದಲು ಈ ಕಾರಣವನ್ನೂ ನೆನೆಯಬೇಕು.

ಹೊರಗಿನ ರೆಕಾರ್ಡರ್ ಕೊಡುವ ಲಾಭ

ಈ ಕೊರತೆಯನ್ನು ತುಂಬಲೆಂದೇ 2009ರ ಆಸುಪಾಸಿನಲ್ಲಿ ಹೊರಗಿನ ರೆಕಾರ್ಡರ್‌ಗಳು ಬರತೊಡಗಿದವು. ಎಜೆಎ ಕಂಪನಿಯ ಕಿ ಪ್ರೊ, ಕನ್ವರ್ಜೆಂಟ್ ಡಿಸೈನ್‌ನ ನ್ಯಾನೋಫ್ಲ್ಯಾಶ್, 2011ರಲ್ಲಿ ಆಟಮೋಸ್‌ನ ನಿಂಜಾ ಮತ್ತು ಬ್ಲ್ಯಾಕ್‌ಮ್ಯಾಜಿಕ್‌ನ ಹೈಪರ್‌ಡೆಕ್ ಶಟಲ್ ಈ ಸಾಲಿನವು. ಕ್ಯಾಮೆರಾದ ಎಚ್‌ಡಿಎಂಐ ಅಥವಾ ಎಸ್‌ಡಿಐ ಕಿಂಡಿಯಿಂದ ಬರುವ ನೇರ ಚಿತ್ರವನ್ನು ಹಿಡಿದು, ಕಡಿಮೆ ಕುಗ್ಗಿಸಿ, ತಮ್ಮದೇ ಡಿಸ್ಕಿನಲ್ಲಿ ಬರೆದಿಡುವುದು ಇವುಗಳ ಕೆಲಸ.

ಲಾಭ ಎರಡು ಕಡೆ ಕಾಣುತ್ತದೆ. ಒಂದು, ದತ್ತಾಂಶದ ದರ. ಆಪಲ್ ಕಂಪನಿ 2007ರಲ್ಲಿ ತಂದ ಪ್ರೋರೆಸ್ 422 ಎಂಬ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮಿನ ಎಚ್‌ಡಿ ಚಿತ್ರ ಸುಮಾರು 122 ಮೆಗಾಬಿಟ್ ತೆಗೆದುಕೊಳ್ಳುತ್ತದೆ. ಅದರ ಮೇಲ್ದರ್ಜೆಯ ಎಚ್‌ಕ್ಯು ಸುಮಾರು 184 ತೆಗೆದುಕೊಳ್ಳುತ್ತದೆ. ಜೊತೆಗೆ ಪ್ರತಿ ಫ್ರೇಮನ್ನೂ ಸ್ವತಂತ್ರವಾಗಿ ಬರೆಯುವುದರಿಂದ ಅಕ್ಷತೆ, ಮಳೆ, ಫ್ಲ್ಯಾಶ್ ಯಾವುದಕ್ಕೂ ಅದು ತಡವರಿಸುವುದಿಲ್ಲ.

ಎರಡು, ಬಣ್ಣ ಮತ್ತು ಅಗಲ. ಎಚ್‌ಡಿವಿ ಟೇಪಿನಲ್ಲಿ ಚಿತ್ರದ ಅಗಲ 1920 ಚುಕ್ಕಿಯ ಬದಲು 1440ಕ್ಕೆ ಇಳಿಯುತ್ತದೆ. ನೇರ ಎಚ್‌ಡಿಎಂಐ ಹಾದಿಯಲ್ಲಿ ಈ ಇಳಿಕೆ ಆಗಿರುವುದಿಲ್ಲ, ಬಣ್ಣದ ಮಾಹಿತಿಯೂ ಹೆಚ್ಚು ಬರುತ್ತದೆ. 2007ರ ಕ್ಯಾನನ್ ಎಚ್‌ವಿ20 ಎಂಬ ಅಂಗೈಯಗಲದ ಎಚ್‌ಡಿವಿ ಕ್ಯಾಮೆರಾವನ್ನು ಹವ್ಯಾಸಿಗಳು ಹೀಗೆ ಕಂಪ್ಯೂಟರಿನ ಎಚ್‌ಡಿಎಂಐ ಕ್ಯಾಪ್ಚರ್ ಕಾರ್ಡಿಗೆ ಜೋಡಿಸಿ ಟೇಪಿಗಿಂತ ಉತ್ತಮ ಚಿತ್ರ ಪಡೆದಿದ್ದರು.

ನಮ್ಮ ಕಡೆ ಮದುವೆಗಳಲ್ಲಿ ಬಳಕೆಯಾದ ಸೋನಿಯ ಎಚ್‌ವಿಆರ್-ಎಚ್‌ಡಿ1000, ಎಚ್‌ಎಕ್ಸ್‌ಆರ್-ಎಂಸಿ2500 ಇವುಗಳಲ್ಲಿ ಎಚ್‌ಡಿಎಂಐ ಕಿಂಡಿ ಇದೆ. ಸೋನಿ ಎಫ್‌ಎಕ್ಸ್1ರಲ್ಲಿ ಎಚ್‌ಡಿಎಂಐ ಇಲ್ಲ, ಅನಲಾಗ್ ಕಾಂಪೊನೆಂಟ್ ಕಿಂಡಿ ಇದೆ. ಎಂಡಿ10000, ಪಿಡಿ170 ಇವು ಎಚ್‌ಡಿ ಕ್ಯಾಮೆರಾಗಳೇ ಅಲ್ಲ. ಅವುಗಳ ಚಿತ್ರ 720 ಅಡ್ಡ, 576 ಉದ್ದ ಚುಕ್ಕಿಗಳದು, ಹೊರಗೆ ಬರುವುದು ಎಸ್-ವಿಡಿಯೊ ಅಥವಾ ಹಳದಿ ಪಿನ್ನಿನ ಅನಲಾಗ್ ಸಂಕೇತ. ಅವಕ್ಕೆ ರೆಕಾರ್ಡರ್ ಜೋಡಿಸಿ ಪಡೆಯುವ ಲಾಭ ತೀರಾ ಅಲ್ಪ, ಒಳಗಿನ ಡಿವಿ ಟೇಪೇ ಸಾಕು.

ಇದಕ್ಕೆ ತೆರಬೇಕಾದ ಬೆಲೆ ಸಂಗ್ರಹದ್ದು. ಒಂದು ಗಂಟೆಯ ಚಿತ್ರಕ್ಕೆ ಎಚ್‌ಡಿವಿಯಾದರೆ ಸುಮಾರು 11-12 ಗಿಗಾಬೈಟ್ ಸಾಕು. ಪ್ರೋರೆಸ್ 422ಕ್ಕೆ ಸುಮಾರು 55 ಬೇಕು. ಏನೂ ಕುಗ್ಗಿಸದೆ ಹಿಡಿದರೆ ಗಂಟೆಗೆ ಸುಮಾರು 373 ಗಿಗಾಬೈಟ್. ಅರಿಶಿನದಿಂದ ಬೀಳ್ಕೊಡುಗೆಯವರೆಗೆ ಎಂಟು ಗಂಟೆ ಚಿತ್ರೀಕರಿಸಿದರೆ ಅದು ಸುಮಾರು 3 ಟೆರಾಬೈಟ್. ಆದ್ದರಿಂದ ‘ಪೂರ್ತಿ ಅನ್‌ಕಂಪ್ರೆಸ್ಡ್’ ಎನ್ನುವುದರ ಹಿಂದೆ ಬೀಳುವ ಅಗತ್ಯ ಹೆಚ್ಚಿನವರಿಗೆ ಇಲ್ಲ. ‘ಹದವಾಗಿ ಕುಗ್ಗಿಸಿದ್ದು’ ಸಾಕು.

ರೆಕಾರ್ಡರ್‌ನಿಂದ ಆಗದ ಕೆಲಸಗಳು

ಹೊರಗಿನ ರೆಕಾರ್ಡರ್ ಕಂಪ್ರೆಶನ್‌ನ ದೋಷವನ್ನು ಮಾತ್ರ ತಪ್ಪಿಸುತ್ತದೆ. ಅದಕ್ಕೂ ಮೊದಲೇ ಹುಟ್ಟಿದ ದೋಷಗಳು ಹಾಗೆಯೇ ಬರುತ್ತವೆ. ಹಳೆಯ ಸೆನ್ಸರ್‌ಗಳು ಮಂದ ಬೆಳಕಿನಲ್ಲಿ ಬಹಳ ನಾಯ್ಸ್, ಅಂದರೆ ಗುಳುಗುಳು ಕಾಳಿನಂಥ ಚುಕ್ಕಿಗಳನ್ನು ಹುಟ್ಟಿಸುತ್ತವೆ. ರಾತ್ರಿಯ ವಿಸರ್ಜನೆ ಮೆರವಣಿಗೆಯನ್ನು ಬೀದಿದೀಪದಲ್ಲಿ ಚಿತ್ರೀಕರಿಸಿದರೆ ರೆಕಾರ್ಡರ್ ಆ ಕಾಳುಗಳನ್ನು ಇನ್ನಷ್ಟು ನಿಷ್ಠೆಯಿಂದ ದಾಖಲಿಸುತ್ತದೆ. ಒಂದು ದೀಪ ಹೆಚ್ಚಿಗೆ ಇಡುವುದರಿಂದ ಆಗುವ ಸುಧಾರಣೆ ರೆಕಾರ್ಡರ್ ಕೊಳ್ಳುವುದರಿಂದ ಆಗುವುದಿಲ್ಲ. ಗೀಚಿದ ಮಸೂರ, ತಪ್ಪಿದ ಫೋಕಸ್ ಇವಕ್ಕೂ ಇದರಲ್ಲಿ ಮದ್ದಿಲ್ಲ.

ಹಳೆಯ ಕ್ಯಾಮೆರಾಗಳ ಚಿತ್ರ ಸಾಮಾನ್ಯವಾಗಿ ಇಂಟರ್‌ಲೇಸ್ಡ್ ಆಗಿರುತ್ತದೆ. ಒಂದು ಫ್ರೇಮಿನ ಸಮ ಗೆರೆಗಳನ್ನು ಒಮ್ಮೆ, ಬೆಸ ಗೆರೆಗಳನ್ನು ಇನ್ನೊಮ್ಮೆ ಸೆರೆಹಿಡಿದು ಸೆಕೆಂಡಿಗೆ 50 ಅರ್ಧಚಿತ್ರಗಳಾಗಿ ಕಳಿಸುವ ಪದ್ಧತಿ ಇದು. ರೆಕಾರ್ಡರ್ ಇದನ್ನು ಬದಲಿಸುವುದಿಲ್ಲ, ಬದಲಿಸಲೂ ಬಾರದು. ಮೂಲವನ್ನು ಹಾಗೆಯೇ ಇಟ್ಟುಕೊಂಡು, ಮೊಬೈಲಿನಲ್ಲಿ ನೋಡುವ ಪ್ರತಿಯನ್ನು ಆಮೇಲೆ ಬೇರೆಯಾಗಿ ಸಿದ್ಧಪಡಿಸುವುದು ಸರಿಯಾದ ಕ್ರಮ.

ಇನ್ನು ಕೆಲವು ಸಣ್ಣ ಸಂಗತಿಗಳು ದೊಡ್ಡ ತೊಂದರೆ ಮಾಡುತ್ತವೆ. ಅನೇಕ ಕ್ಯಾಮೆರಾಗಳು ಎಚ್‌ಡಿಎಂಐ ಕಿಂಡಿಗೆ ಬ್ಯಾಟರಿಯ ಗುರುತು, ಸಮಯದ ಅಂಕಿಗಳನ್ನೂ ಸೇರಿಸಿ ಕಳಿಸುತ್ತವೆ. ಮೆನುವಿನಲ್ಲಿ ಅವನ್ನು ಕ್ಯಾಮೆರಾದ ಪರದೆಗೆ ಮಾತ್ರ ಸೀಮಿತಗೊಳಿಸದಿದ್ದರೆ ಅವು ಚಿತ್ರದೊಳಗೇ ಶಾಶ್ವತವಾಗಿ ಕೂರುತ್ತವೆ. ಎಚ್‌ಡಿಎಂಐ ಪಿನ್ನು ಎಳೆತಕ್ಕೆ ಸಡಿಲವಾಗುತ್ತದೆ. ಆದ್ದರಿಂದ ಹೊರಗಿನ ರೆಕಾರ್ಡರ್ ಓಡುತ್ತಿರುವಾಗಲೂ ಕ್ಯಾಮೆರಾದೊಳಗಿನ ಟೇಪು ಅಥವಾ ಕಾರ್ಡನ್ನು ನಿಲ್ಲಿಸಬಾರದು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ.

ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗಳ ಬಗ್ಗೆ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಇವುಗಳ ಡಬ್ಬಿಯ ಮೇಲೆ ‘4ಕೆ’ ಎಂದು ಬರೆದಿರುತ್ತದೆ. ಇವುಗಳಲ್ಲಿ ಹಲವು ಒಳಗೆ ಯುಎಸ್‌ಬಿ 2.0 ಆಗಿರುತ್ತವೆ, ಅದರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಕುಗ್ಗಿಸದ ಎಚ್‌ಡಿಗೆ 829 ಬೇಕೆಂದು ಮೇಲೆ ನೋಡಿದ್ದೇವೆ. ಹಾಗಾದರೆ ಅದು ಹಾದುಹೋಗುವುದು ಹೇಗೆ? ಕಡ್ಡಿಯ ಒಳಗೇ ಚಿತ್ರವನ್ನು ಮತ್ತೆ ಬಿಗಿಯಾಗಿ ಕುಗ್ಗಿಸಲಾಗುತ್ತದೆ. ಕಂಪ್ರೆಶನ್ ತಪ್ಪಿಸಲು ಹೋಗಿ ಇನ್ನೊಂದು ಕಂಪ್ರೆಶನ್ ಕೊಂಡಂತೆ ಇದು. ನೇರ ಪ್ರಸಾರಕ್ಕೆ ಇವು ಸಾಕು, ಜೋಪಾನ ಮಾಡಬೇಕಾದ ದಾಖಲೆಗೆ ಸಾಲವು.

ಕ್ಯಾಸೆಟ್‌ನಲ್ಲಿ ಆಗಲೇ ಇರುವ ಚಿತ್ರದ ಗತಿ?

ಈಗ ಎರಡನೆಯ ಪ್ರಶ್ನೆಗೆ ಬರೋಣ. ಮಿನಿ ಡಿವಿ ಅಥವಾ ಎಚ್‌ಡಿವಿ ಕ್ಯಾಸೆಟ್ ಡಿಜಿಟಲ್. ಅದರ ಮೇಲೆ ಇರುವುದು ಆಗಲೇ ಕುಗ್ಗಿಸಿದ ಅಂಕಿಗಳು. ಆ ಕ್ಯಾಸೆಟ್ಟನ್ನು ಪ್ಲೇ ಮಾಡಿ ಎಚ್‌ಡಿಎಂಐ ಮೂಲಕ ರೆಕಾರ್ಡರ್‌ಗೆ ಕಳಿಸಿದಾಗ ಕ್ಯಾಮೆರಾ ಆ ಅಂಕಿಗಳನ್ನು ಬಿಡಿಸಿ ಚಿತ್ರ ಮಾಡುತ್ತದೆ, ರೆಕಾರ್ಡರ್ ಅದನ್ನು ಮತ್ತೆ ತನ್ನ ರೀತಿಯಲ್ಲಿ ಕುಗ್ಗಿಸುತ್ತದೆ. ಫೈಲಿನ ಗಾತ್ರ ಐದು ಪಟ್ಟಾಗುತ್ತದೆ, ವಿವರ ಒಂದು ಚುಕ್ಕಿಯಷ್ಟೂ ಹೆಚ್ಚುವುದಿಲ್ಲ. ಕುಂದಾಕ್ಕೆ ದೊಡ್ಡ ಪಾತ್ರೆ ತಂದಂತೆ.

ಇಂಥ ಕ್ಯಾಸೆಟ್‌ಗಳಿಗೆ ಸರಿಯಾದ ದಾರಿ ಫೈರ್‌ವೈರ್. ಸೋನಿ ಇದನ್ನು ಐ.ಲಿಂಕ್ ಎಂದೂ, ಕೆಲವರು ಡಿವಿ ಕಿಂಡಿ ಎಂದೂ ಕರೆಯುತ್ತಾರೆ. ಈ ಹಾದಿಯಲ್ಲಿ ಟೇಪಿನ ಮೇಲಿನ ಅಂಕಿಗಳೇ ನೇರವಾಗಿ ಕಂಪ್ಯೂಟರಿಗೆ ಬರುತ್ತವೆ. ಬಿಡಿಸುವುದಿಲ್ಲ, ಮತ್ತೆ ಕುಗ್ಗಿಸುವುದಿಲ್ಲ. ಪುಸ್ತಕವನ್ನು ಓದಿಸಿ ಬರೆದುಕೊಳ್ಳುವ ಬದಲು ಪುಟವನ್ನೇ ಪಡೆದಂತೆ. ಒಂದು ಗಂಟೆಯ ಡಿವಿ ಕ್ಯಾಸೆಟ್ ಸುಮಾರು 13 ಗಿಗಾಬೈಟ್ ಆಗುತ್ತದೆ. ವಿಂಡೋಸ್‌ನಲ್ಲಿ ವಿನ್‌ಡಿವಿ, ಎಚ್‌ಡಿವಿಗಾದರೆ ಎಚ್‌ಡಿವಿಸ್ಪ್ಲಿಟ್, ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್ ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ.

ಇಲ್ಲಿ ಒಂದು ಸುಳ್ಳು ನಂಬಿಕೆ ಹಲವರ ಹಣ ಕಳೆದಿದೆ. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಸಣ್ಣ ಫೈರ್‌ವೈರ್ ಪಿನ್ ಇರುವ ಅಗ್ಗದ ಕೇಬಲ್‌ಗಳು ಮಾರಾಟಕ್ಕಿವೆ. ಇವುಗಳಿಂದ ಕ್ಯಾಸೆಟ್ಟಿನ ಚಿತ್ರ ಕಂಪ್ಯೂಟರಿಗೆ ಬರುವುದಿಲ್ಲ. ಯುಎಸ್‌ಬಿಯೂ ಫೈರ್‌ವೈರೂ ಬೇರೆ ಬೇರೆ ಭಾಷೆಗಳು. ನಡುವೆ ಅನುವಾದ ಮಾಡುವ ಚಿಪ್ ಇಲ್ಲದ ಬರೀ ತಂತಿಯಿಂದ ಮಾತುಕತೆ ನಡೆಯದು. ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಿಸುವುದು, ಅಥವಾ ಫೈರ್‌ವೈರ್ ಕಿಂಡಿಯೇ ಇರುವ ಹಳೆಯ ಲ್ಯಾಪ್‌ಟಾಪ್ ಹುಡುಕುವುದು ನಂಬಬಹುದಾದ ದಾರಿ. ಆಪಲ್ 2025ರ ಮ್ಯಾಕ್‌ಒಎಸ್ ಟಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೇ ಕೈಬಿಟ್ಟಿದೆ. ಈ ಬಾಗಿಲು ನಿಧಾನವಾಗಿ ಮುಚ್ಚುತ್ತಿದೆ ಎನ್ನುವುದಕ್ಕೆ ಇದು ಸೂಚನೆ.

ಎಚ್‌ಡಿವಿ ಕ್ಯಾಸೆಟ್ ಇದ್ದವರು ಹೆಚ್ಚು ಅವಸರ ಮಾಡಬೇಕು. ಡಿವಿ ಟೇಪಿನ ಮೇಲೆ ಒಂದು ಧೂಳಿನ ಕಣ ಕೂತರೆ ಒಂದೆರಡು ಫ್ರೇಮಿನ ಕೆಲವು ಚೌಕಗಳು ಹೋಗುತ್ತವೆ. ಎಚ್‌ಡಿವಿಯಲ್ಲಿ ಫ್ರೇಮುಗಳು ಒಂದರ ಮೇಲೊಂದು ನಿಂತಿರುವುದರಿಂದ ಅದೇ ಕಣ 12 ಫ್ರೇಮಿನ ಇಡೀ ಗುಂಪನ್ನು, ಅಂದರೆ ಸುಮಾರು ಅರ್ಧ ಸೆಕೆಂಡಿನ ಚಿತ್ರವನ್ನು ಕೆಡಿಸಬಹುದು.

ವಿಎಚ್‌ಎಸ್‌ಗೆ ಬೇರೆ ನ್ಯಾಯ

1990ರ ದಶಕದ ದೊಡ್ಡ ಕರಿ ಕ್ಯಾಸೆಟ್‌ಗಳು, ವಿಡಿಯೊ8 ಮತ್ತು ಹೈ8 ಇವೆಲ್ಲ ಅನಲಾಗ್. ಇವುಗಳ ಮೇಲೆ ಅಂಕಿಗಳಿಲ್ಲ, ಕಾಂತೀಯ ಅಲೆಗಳಿವೆ. ಹಾಗಾಗಿ ಕಂಪ್ಯೂಟರಿಗೆ ತರುವಾಗ ಮೊದಲ ಬಾರಿ ಅಂಕಿಯಾಗುವುದು ಕ್ಯಾಪ್ಚರ್ ಸಾಧನದಲ್ಲಿ. ಅಲ್ಲಿ ಎಷ್ಟು ಕುಗ್ಗಿಸುತ್ತೇವೆ ಎನ್ನುವುದು ನೇರವಾಗಿ ಚಿತ್ರದ ಮೇಲೆ ಪರಿಣಾಮ ಮಾಡುತ್ತದೆ. ಕಡಿಮೆ ಕುಗ್ಗಿಸಿ ಹಿಡಿಯಬೇಕೆಂಬ ಮಾತು ಇಲ್ಲಿ ಪೂರ್ತಿ ಸಲ್ಲುತ್ತದೆ.

ವಿಎಚ್‌ಎಸ್ ಚಿತ್ರವೇ ಮಸುಕು, ಅದಕ್ಕೇಕೆ ಇಷ್ಟು ಮುತುವರ್ಜಿ ಎಂದು ಕೇಳಬಹುದು. ಮಸುಕು ಚಿತ್ರದಲ್ಲಿ ಕಾಳು ಕಾಳಾದ ನಾಯ್ಸ್ ಬಹಳ. ಆ ನಾಯ್ಸ್ ಪ್ರತಿ ಫ್ರೇಮಿಗೂ ಬದಲಾಗುತ್ತದೆ. ಕಂಪ್ರೆಶನ್ ಅದನ್ನೇ ವಿವರವೆಂದು ಭ್ರಮಿಸಿ ಇದ್ದ ಜಾಗವನ್ನೆಲ್ಲ ಅದಕ್ಕೇ ಸುರಿಯುತ್ತದೆ, ಮುಖಗಳಿಗೆ ಉಳಿಯುವುದು ಕಡಿಮೆ. ಒಂದು ಕಾಲದಲ್ಲಿ ಊರೂರಲ್ಲಿ ಕ್ಯಾಸೆಟ್ಟನ್ನು ಡಿವಿಡಿಗೆ ಹಾಕಿಸುವುದು ರೂಢಿಯಾಗಿತ್ತು. ಮೂರು ಗಂಟೆಯ ಮದುವೆಯನ್ನು 4.7 ಗಿಗಾಬೈಟ್‌ನ ಒಂದೇ ಡಿವಿಡಿಗೆ ತುಂಬಿದರೆ ಸೆಕೆಂಡಿಗೆ ಸಿಗುವುದು 3.5 ಮೆಗಾಬಿಟ್‌ಗಿಂತ ಕಡಿಮೆ. ಇಂಥ ಡಿವಿಡಿ ನೋಡಿ ‘ಕ್ಯಾಸೆಟ್ಟೇ ಹಾಗಿತ್ತು’ ಎಂದುಕೊಂಡವರು ಬಹಳ. ಮೂಲ ಕ್ಯಾಸೆಟ್ ಇನ್ನೂ ಇದ್ದರೆ ಅದರಲ್ಲಿ ಡಿವಿಡಿಗಿಂತ ಹೆಚ್ಚಿನ ಚಿತ್ರ ಉಳಿದಿರುವ ಸಾಧ್ಯತೆ ಇದೆ.

ಕುಗ್ಗಿಸದ ಪಾಲ್ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 166 ಮೆಗಾಬಿಟ್, ಗಂಟೆಗೆ ಸುಮಾರು 75 ಗಿಗಾಬೈಟ್ ಬೇಕು. ಎಫ್‌ಎಫ್‌ವಿ1 ಅಥವಾ ಹಫ್‌ವೈಯುವಿ ಎಂಬ ನಷ್ಟವಿಲ್ಲದ ಪದ್ಧತಿಗಳಲ್ಲಿ ಇದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಒಂದು ಚುಕ್ಕಿಯೂ ಕಳೆಯುವುದಿಲ್ಲ. ಇಂದಿನ ಹಾರ್ಡ್ ಡಿಸ್ಕ್‌ಗಳಿಗೆ ಇದು ಭಾರವೇನಲ್ಲ.

ಅನಲಾಗ್ ಟೇಪಿನಲ್ಲಿ ಕಂಪ್ರೆಶನ್‌ಗಿಂತಲೂ ಮೊದಲು ಸರಿಪಡಿಸಬೇಕಾದದ್ದು ಒಂದಿದೆ. ಹಳೆಯ ಟೇಪು ಹಿಗ್ಗಿ ಕುಗ್ಗಿರುತ್ತದೆ, ಪ್ಲೇಯರಿನ ವೇಗವೂ ಕೂದಲೆಳೆಯಷ್ಟು ಏರಿಳಿಯುತ್ತದೆ. ಇದರಿಂದ ಚಿತ್ರದ ಪ್ರತಿ ಗೆರೆಯೂ ತುಸು ಆಚೀಚೆ ಶುರುವಾಗಿ, ನೇರ ಕಂಬವೂ ಅಲೆಅಲೆಯಾಗಿ ಕಾಣುತ್ತದೆ. ಗೆರೆಗಳನ್ನು ಮತ್ತೆ ಸಾಲಾಗಿ ನಿಲ್ಲಿಸುವ ಸಾಧನಕ್ಕೆ ಟೈಮ್ ಬೇಸ್ ಕರೆಕ್ಟರ್ ಎನ್ನುತ್ತಾರೆ. ಕೆಲವು ಒಳ್ಳೆಯ ಎಸ್-ವಿಎಚ್‌ಎಸ್ ಪ್ಲೇಯರ್‌ಗಳಲ್ಲಿ ಅದು ಒಳಗೇ ಇರುತ್ತದೆ. ದುಬಾರಿ ರೆಕಾರ್ಡರ್‌ಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಒಳ್ಳೆಯ ಪ್ಲೇಯರ್‌ಗೆ, ಸಾಧ್ಯವಿದ್ದರೆ ಎಸ್-ವಿಡಿಯೊ ಕೇಬಲ್‌ಗೆ ಕೊಡುವುದು ಜಾಣತನ. ಹೊಸ ವಿಸಿಆರ್ ತಯಾರಿಕೆ ನಿಂತೇ ಹೋಗಿದೆ. ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೈಬಿಟ್ಟಿತು. ಇನ್ನು ಮುಂದೆ ಸಿಗುವುದೆಲ್ಲ ಹಳೆಯ ಯಂತ್ರಗಳೇ.

ಖಾನಾಪುರದ ಮಳೆ, ಕ್ಯಾಸೆಟ್ಟಿನ ಬೂಷ್ಟು

ಗುಣಮಟ್ಟದ ಚರ್ಚೆಗೆ ಅರ್ಥ ಬರಬೇಕಾದರೆ ಕ್ಯಾಸೆಟ್ ಉಳಿದಿರಬೇಕು. ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯ ಮನೆಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ. ಆ ತೇವ ಕ್ಯಾಸೆಟ್‌ಗೂ ಇಳಿಯುತ್ತದೆ. ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂತೆ ಕಾಣುವುದು ಬೂಷ್ಟು. ಅಂಥ ಕ್ಯಾಸೆಟ್ಟನ್ನು ಹಾಗೆಯೇ ಪ್ಲೇಯರಿಗೆ ಹಾಕಬಾರದು. ಬೂಷ್ಟು ಹೆಡ್‌ಗೆ ಅಂಟಿ ಚಿತ್ರ ಮಾಯವಾಗುತ್ತದೆ, ಟೇಪು ಸಿಕ್ಕಿ ಹರಿಯಬಹುದು, ಅದೇ ಯಂತ್ರದಿಂದ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಬಿಸಿಲಿಗೆ ಇಟ್ಟು ಒಣಗಿಸುವ ನಾಟಿ ಉಪಾಯವೂ ಸಲ್ಲದು. ಕಾವಿಗೆ ಟೇಪು ಸೊಟ್ಟಗಾಗುತ್ತದೆ. ಶುಚಿ ಮಾಡಿಸಿದ ಮೇಲೆಯೇ ಪ್ಲೇ ಮಾಡಬೇಕು.

ಚೆನ್ನಾಗಿರುವ ಕ್ಯಾಸೆಟ್‌ಗಳನ್ನು ನೆಲಮಟ್ಟದ ಪೆಟ್ಟಿಗೆಯಿಂದ ಎತ್ತಿ, ಒಣ ಕಪಾಟಿನಲ್ಲಿ, ಪುಸ್ತಕದಂತೆ ನಿಲ್ಲಿಸಿ ಇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಇನ್ನೂ ಒಳ್ಳೆಯದು. ಸ್ಪೀಕರ್, ದೊಡ್ಡ ಮೋಟಾರು ಇವುಗಳ ಪಕ್ಕ ಬೇಡ. ಕ್ಯಾಪ್ಚರ್ ಮಾಡುವುದಾದರೆ ಮಳೆಗಾಲ ಕಳೆದು ಗಾಳಿ ಒಣಗಿದ ತಿಂಗಳುಗಳು ಅನುಕೂಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ನಡುವೆ ಕರೆಂಟ್ ಹೋದರೆ ಟೇಪು ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ಆದ್ದರಿಂದ ಯುಪಿಎಸ್ ಇರುವ ಕಡೆ ಮಾಡುವುದು ಕ್ಷೇಮ.

ಸಾಮಾನ್ಯ ನಂಬಿಕೆಗಳು, ವಾಸ್ತವಗಳು

ನಂಬಿಕೆ: ಎಚ್‌ಡಿಎಂಐ ಕೇಬಲ್ ಹಾಕಿದರೆ ಹಳೆಯ ಕ್ಯಾಸೆಟ್ ಎಚ್‌ಡಿ ಆಗುತ್ತದೆ.
ವಾಸ್ತವ: ಚಿತ್ರದ ಅಳತೆ ಮಾತ್ರ ಹಿಗ್ಗುತ್ತದೆ. ಟೇಪಿನಲ್ಲಿ ಇಲ್ಲದ ವಿವರ ಕೇಬಲಿನಿಂದ ಬರುವುದಿಲ್ಲ.

ನಂಬಿಕೆ: ಫೈಲ್ ದೊಡ್ಡದಾದಷ್ಟೂ ಗುಣಮಟ್ಟ ಹೆಚ್ಚು.
ವಾಸ್ತವ: ಫೈರ್‌ವೈರ್‌ನಿಂದ ಬಂದ 13 ಗಿಗಾಬೈಟ್‌ನ ಡಿವಿ ಫೈಲ್, ಅದೇ ಕ್ಯಾಸೆಟ್ಟನ್ನು ಬೇರೆ ದಾರಿಯಲ್ಲಿ ಹಿಡಿದ 55 ಗಿಗಾಬೈಟ್‌ನ ಫೈಲಿಗಿಂತ ಮೂಲಕ್ಕೆ ಹತ್ತಿರ.

ನಂಬಿಕೆ: ಕೃತಕ ಬುದ್ಧಿಮತ್ತೆಯ ತಂತ್ರಾಂಶ ಕಳೆದ ವಿವರವನ್ನು ಮರಳಿ ತರುತ್ತದೆ.
ವಾಸ್ತವ: ಅದು ಊಹಿಸಿ ಬರೆಯುತ್ತದೆ. ಅಜ್ಜಿಯ ಮುಖ ಹರಿತವಾಗಿ ಕಾಣಬಹುದು, ಆ ಮುಖ ಅಜ್ಜಿಯದೇ ಎನ್ನುವ ಖಾತ್ರಿ ಇಲ್ಲ. ಪ್ರತಿಯೊಂದರ ಮೇಲೆ ಪ್ರಯೋಗ ಮಾಡಿ, ಮೂಲವನ್ನು ಮುಟ್ಟಬೇಡಿ.

ನಂಬಿಕೆ: ಡಿಜಿಟಲ್ ಮಾಡಿಸಿದ ಮೇಲೆ ಕ್ಯಾಸೆಟ್ ಬಿಸಾಡಬಹುದು.
ವಾಸ್ತವ: ನಾಳೆ ಇನ್ನೂ ಉತ್ತಮ ಪ್ಲೇಯರ್ ಸಿಕ್ಕರೆ ಮತ್ತೆ ಹಿಡಿಯುವ ಅವಕಾಶ ಕ್ಯಾಸೆಟ್ ಇದ್ದರೆ ಮಾತ್ರ.

ಮನೆಯಲ್ಲೇ ಒಂದು ಪರೀಕ್ಷೆ

ಕ್ಯಾಮೆರಾ ಇದ್ದು ರೆಕಾರ್ಡರ್ ಕೊಳ್ಳಬೇಕೋ ಬೇಡವೋ ಎಂಬ ಯೋಚನೆಯಲ್ಲಿದ್ದರೆ, ಒಂದನ್ನು ಒಂದು ದಿನಕ್ಕೆ ಬಾಡಿಗೆಗೋ ಎರವಲಾಗಿಯೋ ತಂದು ಪರೀಕ್ಷಿಸಿ. ಹಗಲು ಬೆಳಕಿನಲ್ಲಿ ಟ್ರೈಪಾಡ್ ಮೇಲೆ ಕ್ಯಾಮೆರಾ ನಿಲ್ಲಿಸಿ, ಒಳಗಿನ ಕಾರ್ಡಿನಲ್ಲೂ ಹೊರಗಿನ ರೆಕಾರ್ಡರಿನಲ್ಲೂ ಒಟ್ಟಿಗೆ ರೆಕಾರ್ಡ್ ಮಾಡಿ. ಮೊದಲು ಗೋಡೆಯನ್ನು ಹಿಡಿಯಿರಿ, ಆಮೇಲೆ ಗಾಳಿಗಾಡುವ ಮರವನ್ನು, ಕೊನೆಗೆ ಯಾರಿಂದಲಾದರೂ ಒಂದು ಹಿಡಿ ಅಕ್ಕಿ ತೂರಿಸಿ ಅದನ್ನು. ಕಂಪ್ಯೂಟರಿನಲ್ಲಿ ಎರಡನ್ನೂ ನಿಲ್ಲಿಸಿ ಒಂದೊಂದೇ ಫ್ರೇಮ್ ಹೋಲಿಸಿ ನೋಡಿ. ಗೋಡೆಯಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಅಕ್ಕಿಯಲ್ಲಿ ಕಾಣದಿದ್ದರೆ ನಿಮ್ಮ ಕೆಲಸಕ್ಕೆ ರೆಕಾರ್ಡರ್ ಬೇಕಿಲ್ಲ.

ನಾವು ಹೇಳಿದ್ದನ್ನು ಕೆಲಸದ ಕ್ರಮವಾಗಿ ಇಡುವುದಾದರೆ ಹೀಗೆ. ಹೊಸದಾಗಿ ಚಿತ್ರೀಕರಿಸುವಾಗ, ಎಚ್‌ಡಿಎಂಐ ಅಥವಾ ಎಸ್‌ಡಿಐ ಇರುವ ಎಚ್‌ಡಿ ಕ್ಯಾಮೆರಾಗೆ ಹೊರಗಿನ ರೆಕಾರ್ಡರ್ ಉಪಯುಕ್ತ. ಮಿನಿ ಡಿವಿ, ಎಚ್‌ಡಿವಿ ಕ್ಯಾಸೆಟ್‌ಗಳಿಗೆ ಫೈರ್‌ವೈರ್. ಮೆಮೊರಿ ಕಾರ್ಡಿನ ಎವಿಸಿಎಚ್‌ಡಿಗೆ ಬರೀ ಕಾಪಿ, ಫೋಲ್ಡರ್ ಒಡೆಯದೆ. ವಿಎಚ್‌ಎಸ್, ಹೈ8 ಕ್ಯಾಸೆಟ್‌ಗಳಿಗೆ ಒಳ್ಳೆಯ ಪ್ಲೇಯರ್ ಮತ್ತು ನಷ್ಟವಿಲ್ಲದ ಕ್ಯಾಪ್ಚರ್. ಎಲ್ಲದಕ್ಕೂ ಎರಡು ಬೇರೆ ಡಿಸ್ಕ್‌ಗಳಲ್ಲಿ ಎರಡು ಪ್ರತಿ, ಒಂದು ಬೇರೆ ಮನೆಯಲ್ಲಿ.

ಸ್ಟುಡಿಯೋಗೆ ಕ್ಯಾಸೆಟ್ ಕೊಡುವವರು ಒಂದೇ ಪ್ರಶ್ನೆ ಕೇಳಿದರೂ ಸಾಕು: ‘ಇದನ್ನು ಯಾವ ಕೇಬಲ್‌ನಿಂದ, ಯಾವ ಫಾರ್ಮ್ಯಾಟ್‌ಗೆ ಹಿಡಿಯುತ್ತೀರಿ?’ ಮಿನಿ ಡಿವಿಗೆ ‘ಫೈರ್‌ವೈರ್’ ಎಂಬ ಉತ್ತರ ಬಂದರೆ ನಿಶ್ಚಿಂತೆಯಿಂದ ಕೊಡಿ. ‘ಪೆನ್‌ಡ್ರೈವ್‌ಗೆ ಎಂಪಿ4 ಹಾಕಿ ಕೊಡ್ತೀವಿ’ ಎಂದಷ್ಟೇ ಹೇಳಿದರೆ, ಮೂಲ ಫೈಲೂ ಬೇಕು ಎಂದು ಕೇಳಿ, ನಿಮ್ಮದೇ ಹಾರ್ಡ್ ಡಿಸ್ಕ್ ಕೊಟ್ಟು ಬನ್ನಿ.